ಹಳೆಯ ಸಿಎನ್‌ಸಿ ಯಂತ್ರ ಸರಿಮಾಡಿಸುವವರೇ, ಮೋಟಾರಿನ ಹಿಂಬದಿ ಬಿಚ್ಚಿ ನೋಡದೆ ಹಣ ಕೊಡಬೇಡಿ

ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಕುಂಬಳೆ ಕಡೆ ಮನೆಯ ಪಕ್ಕದಲ್ಲೇ ಮರಗೆಲಸದ ಶೆಡ್ಡು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಹಳೆಯ ಸಿಎನ್‌ಸಿ ಯಂತ್ರವನ್ನು, ಎಂದರೆ ಕಂಪ್ಯೂಟರ್ ಆಜ್ಞೆಯಂತೆ ಮರ ಕೆತ್ತುವ ಯಂತ್ರವನ್ನು, ಹೊಸದರಂತೆ ಮಾಡಿಕೊಡುತ್ತೇವೆ ಎಂದು ಮನೆಗೇ ಬಂದು ಕೆಲಸ ಹಿಡಿಯುವವರಿದ್ದಾರೆ. ನನ್ನಲ್ಲಿಗೂ ಬಂದರು. 1,85,000 ರೂಪಾಯಿ ಹೋಯಿತು. ಹಣದ ಸಂಕಟ ಒಂದು ಕಡೆ. ಇಪ್ಪತ್ತು ವರ್ಷ ಉಳಿ ಹಿಡಿದ ನನ್ನ ಕಣ್ಣೆದುರೇ ಇದನ್ನು ಮಾಡಿದರಲ್ಲ, ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಯಂತ್ರ ಮುಚ್ಚಿಹೋದ ವರ್ಕ್‌ಶಾಪೊಂದರದ್ದು. ಎಂಟಕ್ಕೆ ನಾಲ್ಕು ಅಡಿಯ ಮೇಜು, ಪ್ಲೈವುಡ್ಡಿನ ಇಡೀ ಹಾಳೆ ಮಲಗುತ್ತದೆ. ಚೌಕಟ್ಟು ಗಟ್ಟಿ ಇತ್ತು. ಎರಡು ಮಳೆಗಾಲ ಟಾರ್ಪಾಲಿನ ಅಡಿಯಲ್ಲಿ ಬಿದ್ದು ರೇಲುಗಳಿಗೆ ತುಕ್ಕು ಹತ್ತಿತ್ತು, ಕಂಟ್ರೋಲರ್ ಸತ್ತಿತ್ತು. ಹೊಸ ರೇಲು, ಕೈಯಲ್ಲಿ ಹಿಡಿದು ನಡೆಸುವ ಡಿಎಸ್‌ಪಿ ಕಂಟ್ರೋಲರ್, ಬಿಟ್ ತಿರುಗಿಸುವ 2.2 ಕಿಲೋವಾಟಿನ ಸ್ಪಿಂಡಲ್, ನಾಲ್ಕು ಕ್ಲೋಸ್ಡ್ ಲೂಪ್ ಮೋಟಾರು ಎಂದು ಮಾತಾಯಿತು. ಈ ಮೋಟಾರುಗಳಿಗಾಗಿಯೇ ನಾನು ಅಷ್ಟು ಹಣಕ್ಕೆ ಒಪ್ಪಿದ್ದು. ಸಾಮಾನ್ಯ ಸ್ಟೆಪ್ಪರ್ ಮೋಟಾರಿಗೆ ಇಷ್ಟು ತಿರುಗು ಎಂಬ ಆಜ್ಞೆ ಮಾತ್ರ ಹೋಗುತ್ತದೆ. ಅದು ತಿರುಗಿತೋ ಇಲ್ಲವೋ ಎಂದು ಕೇಳುವವರಿಲ್ಲ. ಹಲಸಿನ ಗಂಟಿಗೆ ಬಿಟ್ ಸಿಕ್ಕಿ ಒಮ್ಮೆ ಲೆಕ್ಕ ತಪ್ಪಿದರೆ ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಪಕ್ಕಕ್ಕೆ ಸರಿಯುತ್ತದೆ. ಕ್ಲೋಸ್ಡ್ ಲೂಪ್ ಆದರೆ ಮೋಟಾರಿನ ಬೆನ್ನಿಗೆ, ಎಷ್ಟು ತಿರುಗಿತು ಎಂದು ಅಳೆಯುವ ಎನ್‌ಕೋಡರ್ ಇರುತ್ತದೆ. ತಪ್ಪಿದ್ದನ್ನು ಅದು ಮೋಟಾರಿಗೆ ಕರೆಂಟು ಕೊಟ್ಟು ನಡೆಸುವ ಡ್ರೈವರ್ ಎಂಬ ಸರ್ಕ್ಯೂಟಿಗೆ ತಿಳಿಸುತ್ತದೆ, ಸರಿಪಡಿಸಲು ಆಗದಿದ್ದರೆ ಡ್ರೈವರ್ ಅಲಾರಂ ಕೊಟ್ಟು ನಿಲ್ಲುತ್ತದೆ.

ನಾಲ್ಕು ದಿನ ಕೆಲಸ ಮಾಡಿದರು. ನಾಲ್ಕು ದಿನವೂ ಅಮ್ಮ ಒಳಗೆ ಕರೆದು ಎಲೆ ಹಾಕಿ ಬಡಿಸಿದರು. ಪ್ಯಾನಲ್ ಪೆಟ್ಟಿಗೆಯ ಬಾಗಿಲಿಗೆ, ತೆರೆದರೆ ವಾರಂಟಿ ಇಲ್ಲ ಎಂಬ ಸ್ಟಿಕ್ಕರ್ ಅಂಟಿಸಿದರು. ಬಿಲ್ಲು ಕೇಳಿದೆ. "ಬಿಲ್ಲು ಬೇಕಾದರೆ ಶೇಕಡಾ 18 ಜಿಎಸ್‌ಟಿ ಮೇಲಿಂದ ಆಗುತ್ತದೆ ಅಣ್ಣ, ನಮ್ಮೊಳಗೆ ಯಾಕೆ?" ಎಂದರು. ನಮ್ಮೊಳಗೆ! ಆ ಒಂದು ಮಾತಿಗೆ ಸೋತೆ. ಕೊನೆಯ ದಿನ ಎಂಡಿಎಫ್ ತುಂಡಿನಲ್ಲಿ ನನ್ನ ಮಗಳ ಹೆಸರು ಕೆತ್ತಿ ತೋರಿಸಿದರು. ಮಗಳು ಕುಣಿದಳು, ನಾನು ಬಾಕಿ ಹಣ ಎಣಿಸಿ ಕೊಟ್ಟೆ. ಎಂಡಿಎಫ್ ಮೆತ್ತಗಿನ ಹಲಗೆ, ಅದರಲ್ಲಿ ಯಾವ ಮೋಟಾರಿನ ಬಣ್ಣವೂ ಬಯಲಾಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಹನ್ನೆರಡನೆಯ ದಿನ, ನೆರೆಮನೆಯವರ ಗೃಹಪ್ರವೇಶಕ್ಕೆ ದೇವರ ಕೋಣೆಯ ಬಾಗಿಲು. ಒಣಗಿದ ಹಲಸಿನ ಹಲಗೆ, ಅವರದೇ ತೋಟದ ಮರ. ತಾವರೆಯ ಮೊದಲ ಸುತ್ತು ಚೆನ್ನಾಗಿಯೇ ಬಂತು. ಎರಡನೆಯ ಸುತ್ತಿನಲ್ಲಿ ಟಕ್ ಎಂದು ಸದ್ದಾಯಿತು. ಅಲಾರಂ ಇಲ್ಲ. ಯಂತ್ರ ನಿಲ್ಲಲೂ ಇಲ್ಲ. ನಾನು ಓಡಿಬಂದು ತುರ್ತು ಗುಂಡಿ ಒತ್ತುವಷ್ಟರಲ್ಲಿ ಎಸಳುಗಳ ಮೇಲೆಯೇ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಇನ್ನೊಂದು ತಾವರೆ ಕೊರೆದುಬಿಟ್ಟಿತ್ತು.

ಫೋನ್ ಮಾಡಿದೆ. "ಕರೆಂಟು ಕಡಿಮೆ ಇರಬೇಕು ಅಣ್ಣ, ನಿಮ್ಮ ಕಡೆ ವೋಲ್ಟೇಜೇ ಇರುವುದಿಲ್ಲವಲ್ಲ." ಮೀಟರ್ ಹಿಡಿದು ನೋಡಿದೆ, 226 ಇತ್ತು. ಫೋಟೋ ಕಳುಹಿಸಿದೆ. "ಮರದಲ್ಲಿ ಗಂಟಿದೆ, ಯಂತ್ರ ಏನು ಮಾಡೀತು?" ಹಾಗಾದರೆ ಅಲಾರಂ ಏಕೆ ಬರಲಿಲ್ಲ ಮಾರಾಯರೇ ಎಂದು ಕೇಳಿದೆ. "ಕಿರಿಕಿರಿ ಬೇಡವೆಂದು ಅಲಾರಂ ಆಫ್ ಮಾಡಿ ಇಟ್ಟಿದ್ದೇವೆ." ಕಿರಿಕಿರಿ ಬೇಡವೆಂದು! ಅಲಾರಂಗೆಂದೇ ಹಣ ಕೊಟ್ಟವನಿಗೆ ಹೇಳುವ ಮಾತೇ ಇದು?

ಆ ರಾತ್ರಿಯೇ ಬಿಚ್ಚಿದೆ. ಅಡ್ಡ ಓಡುವ ಮೋಟಾರಿನ ಬೆನ್ನಿಗೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಅದರಿಂದ ಹೊರಟ ತೆಳ್ಳಗಿನ ಕೇಬಲ್, ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಮುಚ್ಚಳದ ಎರಡು ತಿರುಪು ತೆಗೆದೆ. ಒಳಗೆ ಏನೂ ಇಲ್ಲ. ಎನ್‌ಕೋಡರ್ ಇರಬೇಕಾದಲ್ಲಿ ಖಾಲಿ. ಕೇಬಲಿನ ತುದಿಯನ್ನು ಅಂಟು ಹಾಕಿ ಮುಚ್ಚಳಕ್ಕೆ ಮೆತ್ತಿದ್ದರು. ಇನ್ನೊಂದು ತುದಿ ಹುಡುಕುತ್ತಾ ಕೇಬಲ್ ಚೈನಿನ ಕೊಂಡಿಗಳನ್ನು ಒಂದೊಂದಾಗಿ ಎಬ್ಬಿಸಿದೆ. ಒಂದು ಮೀಟರಿನಷ್ಟು ಹೋಗಿ, ಕತ್ತರಿಸಿ, ಕಪ್ಪು ಟೇಪು ಸುತ್ತಿ ಬಿಟ್ಟಿದ್ದರು. ಆ ಟೇಪಿನ ಗಂಟು ಬೆರಳಿಗೆ ಸಿಕ್ಕಿದಾಗ ಕೈ ನಡುಗಿತು. ನಾಲ್ಕು ಮೋಟಾರಿನಲ್ಲೂ ಇದೇ ಕಥೆ. ಪ್ಯಾನಲಿಗೆ ಹೋಗುತ್ತಿದ್ದದ್ದು ಸಾಮಾನ್ಯ ಸ್ಟೆಪ್ಪರಿನ ನಾಲ್ಕೇ ತಂತಿ. ಸ್ಟಿಕ್ಕರ್ ಕಿತ್ತು ಪ್ಯಾನಲ್ ತೆರೆದರೆ, ಡ್ರೈವರುಗಳಲ್ಲಿ ಎನ್‌ಕೋಡರ್ ಸಿಕ್ಕಿಸುವ ಜಾಗವೇ ಇಲ್ಲ. ಹೊಸ ರೇಲಿನ ಗ್ರೀಸು ಒರೆಸಿದರೆ ಅಡಿಯಲ್ಲಿ ಹಳೆಯ ತುಕ್ಕಿನ ಗುಳಿಗಳು ಉಗುರಿಗೆ ತಾಗುತ್ತವೆ. ಹಳೆಯದನ್ನೇ ಉಜ್ಜಿ ಕೂರಿಸಿದ್ದಾರೆ.

ಎಲ್ಲದರ ಫೋಟೋ ಕಳುಹಿಸಿದೆ. ಬಂದ ಉತ್ತರ: "ನೀವು ಬಿಚ್ಚಿದ್ದೀರಿ. ಇನ್ನು ವಾರಂಟಿ ಇಲ್ಲ."

ಮರುದಿನ ಇನ್ನೊಂದು. "ಎನ್‌ಕೋಡರ್ ಕೊಡುತ್ತೇವೆ ಎಂದು ಎಲ್ಲಿ ಬರೆದುಕೊಟ್ಟಿದ್ದೇವೆ, ತೋರಿಸಿ." ತೋರಿಸಲು ನನ್ನಲ್ಲಿ ಬಿಲ್ಲಿಲ್ಲ. ಆಮೇಲೆ ನನ್ನ ಫೋನ್ ಎತ್ತಲೇ ಇಲ್ಲ.

ಬಿಲ್ಲಿಲ್ಲದೆ ಕೆಲಸ ಕೊಡಬೇಡಿ, ಆ 18 ಶೇಕಡಾ ಉಳಿಸಲು ಹೋಗಿ ನಾನು ಪೂರ್ತಿ ಕಳೆದುಕೊಂಡೆ. ಬಿಡಿಭಾಗದ ಪೆಟ್ಟಿಗೆಗಳನ್ನು ನಿಮ್ಮ ಎದುರೇ ಒಡೆಯಲು ಹೇಳಿ. ಹಲಸು ಅಥವಾ ಬೀಟೆಯಲ್ಲಿ ಕೊರೆದು ತೋರಿಸದೆ ಬಾಕಿ ಕೊಡಬೇಡಿ. ಬೆಲ್ಟೋ ಕೇಬಲೋ ಸ್ಟಿಕ್ಕರಿನ ಹಿಂದೆ ಮುಚ್ಚಿಟ್ಟರೆ ಅಲ್ಲೇ ತೆರೆಸಿ.

ನಾನು ಹಣ ಕಳುಹಿಸಿದ ಬ್ಯಾಂಕಿನ ದಾಖಲೆ, ವಾಟ್ಸಾಪ್ ಮಾತುಗಳನ್ನೆಲ್ಲ ಜೋಡಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಿದ್ಧಮಾಡಿದ್ದೇನೆ. ವ್ಯಾಪಾರಕ್ಕೆ ಕೊಂಡದ್ದು, ನೀನು ಗ್ರಾಹಕನಲ್ಲ ಎಂದು ಕೆಲವರು ಹೆದರಿಸಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರು ಹೇಳಬಹುದು.

ಬಾಗಿಲನ್ನು ಬೇರೆ ಹಲಗೆ ತಂದು ಉಳಿಯಲ್ಲೇ ಕೆತ್ತಿ, ಗೃಹಪ್ರವೇಶದ ಹಿಂದಿನ ರಾತ್ರಿ ಹನ್ನೊಂದಕ್ಕೆ ಕೂರಿಸಿ ಬಂದೆ. ನಾಲ್ಕು ಖಾಲಿ ಮುಚ್ಚಳಗಳು ಶೆಡ್ಡಿನಲ್ಲಿ ಹಾಗೆಯೇ ಇವೆ, ಬಂದವರಿಗೆ ತೋರಿಸುತ್ತೇನೆ. ಈ ವಾರ ಅವರು ಕುಂಬಳೆಯ ಹತ್ತಿರ ಇನ್ನೊಬ್ಬರ ಯಂತ್ರ ಹಿಡಿದಿದ್ದಾರೆ ಎಂದು ಕೇಳಿದೆ. ನೀವು ಯಾರೇ ಆಗಿರಿ, ಬಾಕಿ ಹಣ ಕೊಡುವ ಮೊದಲು ಮೋಟಾರಿನ ಬೆನ್ನಿನ ಆ ಎರಡು ತಿರುಪು ತೆಗೆಸಿ ನೋಡಿ.