ಲಿಬ್‌ಕರ್ಲ್‌: ಸಮಯದ ಷರತ್ತೋ, ಇ-ಟ್ಯಾಗೋ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಶುರುವಾದರೆ ದರಕ್ಕಾಗಿ ಕಾಯುವವರು ಮಂಡಿಯವರಷ್ಟೇ ಅಲ್ಲ, ಮುಳಬಾಗಿಲು, ಶ್ರೀನಿವಾಸಪುರದ ಬೆಳೆಗಾರರೂ ಕಾಯುತ್ತಾರೆ. ಅವರಿಗಾಗಿ ನಾನು ಬರೆದ ಪ್ರೋಗ್ರಾಂ ದರಪಟ್ಟಿಯ ಫೈಲನ್ನು ಸರ್ವರ್‌ನಿಂದ ಆಗಾಗ ತರಿಸಿಕೊಳ್ಳುತ್ತದೆ. ಬದಲಾಗದ ಫೈಲನ್ನೇ ಮತ್ತೆ ಮತ್ತೆ ಇಳಿಸಿಕೊಂಡರೆ ಡೇಟಾ ದಂಡ. ಅದನ್ನು ತಪ್ಪಿಸಲು, ಪ್ರೋಗ್ರಾಂಗಳು ಸರ್ವರ್‌ನಿಂದ ಫೈಲ್ ತರಿಸಿಕೊಳ್ಳಲು ಬಳಸುವ ಸಿದ್ಧ ಕೋಡ್ ಲೈಬ್ರರಿಯಾದ ಲಿಬ್‌ಕರ್ಲ್‌ನಲ್ಲಿ ಮೂರು ದಾರಿಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲು ಹೆಡರ್ (ಫೈಲಿನ ಬಗೆಗಿನ ವಿವರ) ಮಾತ್ರ ತರಿಸಿ, ಅದು ಬದಲಾದ ದಿನಾಂಕ ನೋಡಿ, ಆಮೇಲೆ ಫೈಲ್ ಕೇಳುವ ದಾರಿ. ದರ ಬದಲಾದಾಗಲೆಲ್ಲ ಸರ್ವರ್‌ಗೆ ಎರಡು ಸಲ ಹೋಗಿಬರಬೇಕು. ಸಿಗ್ನಲ್ ಸರಿಯಾಗಿ ಸಿಗದ ಊರಿಗೆ ಇದು ಬೇಡ.

ನನಗೆ ಒಪ್ಪಿಗೆಯಾದದ್ದು ಎರಡನೆಯ ದಾರಿ, ಸಮಯದ ಷರತ್ತು ಹಾಕುವ ಆಯ್ಕೆಯಾದ ಟೈಮ್‌ಕಂಡಿಷನ್. ಅದರ ಜೊತೆಯ ಟೈಮ್‌ವ್ಯಾಲ್ಯೂ ಆಯ್ಕೆಗೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳನ್ನು ಕೊಟ್ಟರೆ, ಆ ಹೊತ್ತಿನ ನಂತರ ಬದಲಾಗಿದ್ದರೆ ಮಾತ್ರ ಫೈಲ್ ಬರುತ್ತದೆ; ಇಲ್ಲದಿದ್ದರೆ ಬರಿಯ 304, ಅಂದರೆ ‘ಬದಲಾಗಿಲ್ಲ’ ಎಂಬ ಉತ್ತರ. ಸರ್ವರ್ ಷರತ್ತನ್ನು ಲೆಕ್ಕಿಸದೆ 200 (‘ಸರಿ’) ಎಂದು ಇಡೀ ಫೈಲ್ ಕಳಿಸಲು ಹೊರಟರೂ, ಕೊನೆಯ ಸಲ ಬದಲಾದ ಹೊತ್ತನ್ನು ಹೇಳುವ ಲಾಸ್ಟ್-ಮಾಡಿಫೈಡ್ ಹೆಡರ್ ಇದ್ದರೆ ಸಾಕು, ಲಿಬ್‌ಕರ್ಲ್ ತಾನೇ ದಿನಾಂಕ ಹೋಲಿಸಿ, ಸಂಪರ್ಕ ಕಡಿದು, 304 ಬಂದಂತೆಯೇ ತಿಳಿಸುತ್ತದೆ. ಈ ಕಾವಲು ಉಳಿದೆರಡರಲ್ಲಿ ಇಲ್ಲ.

ಎಚ್ಚರ ಬೇಕಾದದ್ದು ಗಡಿಯಾರದ ವಿಷಯದಲ್ಲಿ. ಕೋಲಾರದ ಬೆಳಗಿನ 9 ಗಂಟೆಯನ್ನು ಗ್ರೀನಿಚ್‌ನ 9 ಎಂದು ಲೆಕ್ಕಹಾಕಿ ಕೊಟ್ಟರೆ ಷರತ್ತು ನಮ್ಮ ಮಧ್ಯಾಹ್ನ 2.30ಕ್ಕೆ ಹೋಗಿ ನಿಲ್ಲುತ್ತದೆ. ನಡುವೆ ಬಂದ ದರ ಒಂದೂ ರೈತನಿಗೆ ತಲುಪುವುದಿಲ್ಲ. ಆದ್ದರಿಂದ ನಮ್ಮ ಗಡಿಯಾರವನ್ನು ನಂಬಲೇಬಾರದು. ಕಳೆದ ಸಲ ಸರ್ವರ್ ಹೇಳಿದ, ಫೈಲ್ ಬದಲಾದ ಸಮಯವನ್ನೇ ಫೈಲ್‌ಟೈಮ್ ಎಂಬ ಆಯ್ಕೆಯ ಮೂಲಕ ಪಡೆದು, ಉಳಿಸಿಟ್ಟು, ಮರಳಿ ಕೊಡಬೇಕು. ಅದು -1 ಎಂದು ಬಂದರೆ ಸರ್ವರ್ ದಿನಾಂಕವನ್ನೇ ಕೊಟ್ಟಿಲ್ಲ ಎಂದರ್ಥ.

ಅಂಥ ಕಡೆ ಮೂರನೆಯ ದಾರಿಯಾದ ಇ-ಟ್ಯಾಗ್ (ಫೈಲಿನ ಆಯಾ ಆವೃತ್ತಿಗೆ ಸರ್ವರ್ ಕೊಡುವ ಗುರುತು) ಬೇಕಾಗುತ್ತದೆ. ಬೇಡಿಕೆ ಬಂದಾಗಲೇ ಸಿದ್ಧವಾಗುವ ಪುಟಗಳಿಗೆ, ಒಂದೇ ಸೆಕೆಂಡಿನಲ್ಲಿ ಎರಡು ಸಲ ಬದಲಾಗುವ ಮಾಹಿತಿಗೆ ಅದೇ ಸರಿ. ಏಕೆಂದರೆ ವೆಬ್‌ನ ನಿಯಮಾವಳಿಯಾದ ಎಚ್‌ಟಿಟಿಪಿಯ ದಿನಾಂಕಕ್ಕೆ ಸೆಕೆಂಡಿಗಿಂತ ಸಣ್ಣ ಅಳತೆ ಇಲ್ಲ. ಇದೇ ಲೈಬ್ರರಿಯನ್ನು ಬಳಸುವ ಕರ್ಲ್ ಕಮಾಂಡ್‌ನಲ್ಲಿ 7.68.0 ಆವೃತ್ತಿಯಿಂದ ಇದಕ್ಕೆ ಸಿದ್ಧ ಆಯ್ಕೆಗಳಿವೆ. ಲೈಬ್ರರಿಯಲ್ಲಿ ಮಾತ್ರ ಹೆಡರನ್ನು ನಾವೇ ಸೇರಿಸಿ, ಬಂದ ಟ್ಯಾಗನ್ನು ನಾವೇ ಕಾಪಾಡಿಕೊಳ್ಳಬೇಕು. ದಿನಕ್ಕೆ ಕೆಲವೇ ಸಲ ಬದಲಾಗುವ ದರಪಟ್ಟಿಗೆ ಇಷ್ಟು ಕೆಲಸ ದಂಡವೇ ಸರಿ.

ಸಮಯದ ಷರತ್ತು, ಇ-ಟ್ಯಾಗ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ನಿಯಮ ಪಾಲಿಸುವ ಸರ್ವರ್ ಟ್ಯಾಗನ್ನು ಮಾತ್ರ ನೋಡಿ ಹೊಸ ಫೈಲ್ ಕಳಿಸಿದರೂ, ದಿನಾಂಕ ಹಳೆಯದೇ ಆಗಿದ್ದರೆ ಲಿಬ್‌ಕರ್ಲ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಯಾವ ದಾರಿ ಹಿಡಿದರೂ ಹಳೆಯ ಫೈಲನ್ನು ಬರೆಯಲು ತೆರೆದಿಟ್ಟು ಬೇಡಿಕೆ ಕಳಿಸಬೇಡಿ. ಹಾಗೆ ತೆರೆದಾಗಲೇ ಹಳೆಯದು ಅಳಿಸಿಹೋಗಿ, 304 ಬಂದರೆ ಕೈಯಲ್ಲಿದ್ದ ದರಪಟ್ಟಿಯೂ ಖಾಲಿಯಾಗುತ್ತದೆ. ಬೇರೆ ಹೆಸರಿನಲ್ಲಿ ಇಳಿಸಿ, 200 ಎಂದು ಖಾತ್ರಿಯಾದ ಮೇಲೆ ಹೆಸರು ಬದಲಿಸಿ.