ಪೀರ್ಸ್ ಪಟ್ಟಿಯಲ್ಲಿ ನಾನೂ ಒಂದು ಸಾಲು: ಕ್ಯೂಬಿಟ್‌ಟೊರೆಂಟ್ ಮತ್ತು ವಿಪಿಎನ್ ಜೊತೆ ಐದು ವರ್ಷ

ಕ್ಯೂಬಿಟ್‌ಟೊರೆಂಟ್ ಎಂಬುದು, ದೊಡ್ಡ ಕಡತವನ್ನು ತುಣುಕು ತುಣುಕಾಗಿ ಜನರೇ ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಬಿಟ್‌ಟೊರೆಂಟ್ ವಿಧಾನದ ಒಂದು ತಂತ್ರಾಂಶ. ಅದರ ಕಿಟಕಿಯ ಕೆಳಭಾಗದಲ್ಲಿ 'ಪೀರ್ಸ್' (ಜೊತೆಗೆ ಹಂಚುತ್ತಿರುವವರು) ಎಂಬ ಟ್ಯಾಬ್ ಒಂದಿದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ನಾನು ತೆರೆದದ್ದೂ ಹೊತ್ತು ಹೋಗದೆ. ದೊಡ್ಡದೊಂದು ಲಿನಕ್ಸ್ ಇಮೇಜ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವ ಕಡತ) ಇಳಿಯುತ್ತಿತ್ತು. ಅದೇ ಕಡತವನ್ನು ಹಂಚಿಕೊಳ್ಳುತ್ತಿದ್ದ ಅಪರಿಚಿತರ ಐಪಿ ವಿಳಾಸ (ಅಂತರ್ಜಾಲದಲ್ಲಿ ಅವರ ಸಂಪರ್ಕದ ಸಂಖ್ಯೆ), ದೇಶದ ಬಾವುಟ, ಬಳಸುತ್ತಿರುವ ತಂತ್ರಾಂಶದ ಹೆಸರು, ಅದರ ಆವೃತ್ತಿ, ಶೇಕಡಾ ಎಷ್ಟು ಇಳಿದಿದೆ ಎಂಬ ಲೆಕ್ಕ, ಎಲ್ಲವೂ ಸಾಲುಸಾಲಾಗಿ ಕಂಡವು. ಕಿಟಕಿಯಿಂದ ಬೀದಿ ನೋಡುವವನ ಹಾಗೆ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಹೊಳೆಯಿತು: ಅವರೆಲ್ಲರ ಪರದೆಯ ಮೇಲೆ ನಾನೂ ಒಂದು ಸಾಲು.

ಇದು ದೋಷವಲ್ಲ. ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ರೂಪಿಸಿದಾಗ ದೊಡ್ಡ ಕಡತವನ್ನು ಬೇಗ ಹಂಚುವುದು ಅದರ ಗುರಿಯಾಗಿತ್ತು. ಗುಟ್ಟು ಕಾಯುವುದು ಆ ಕೆಲಸದ ಭಾಗವೇ ಆಗಿರಲಿಲ್ಲ. ಯಾರ ಬಳಿ ತುಣುಕು ಇದೆ ಎಂದು ಗೊತ್ತಾಗದೆ ತುಣುಕು ಪಡೆಯುವುದು ಹೇಗೆ? ವಿಳಾಸ ಹೇಳುವುದೇ ಇಲ್ಲಿನ ವ್ಯವಹಾರ. ಯಾರ ಬಳಿ ಏನಿದೆ ಎಂಬ ಪಟ್ಟಿ ಇಡುವ ಸರ್ವರ್, ಅಂದರೆ ಟ್ರ್ಯಾಕರ್, ಮುಚ್ಚಿದರೂ ಆ ಪಟ್ಟಿಯನ್ನು ಪೀರ್‌ಗಳೇ ಹಂಚಿಟ್ಟುಕೊಳ್ಳುವ ಡಿಎಚ್‌ಟಿ ಇದೆ. ಟೊರೆಂಟಿನ ಹ್ಯಾಶ್ (ಅದನ್ನು ಗುರುತಿಸುವ ಸಂಖ್ಯೆ) ಗೊತ್ತಿರುವ ಯಾರೇ ಆಗಲಿ, ಒಂದೇ ಒಂದು ಬೈಟ್ ಇಳಿಸಿಕೊಳ್ಳದೆ, ಅದನ್ನು ಹಂಚುತ್ತಿರುವವರ ವಿಳಾಸಗಳನ್ನು ಅಲ್ಲಿಂದ ಕೇಳಿ ಪಡೆಯಬಹುದು.

'ಮುಚ್ಚಿಡುವಂಥದ್ದು ನಿನ್ನ ಬಳಿ ಏನಿದೆ?' ಎಂದು ಗೆಳೆಯನೊಬ್ಬ ಕೇಳಿದ. ಏನೂ ಇಲ್ಲ. ನಾನು ಹಂಚುವುದು ಡೆಬಿಯನ್ ಇಮೇಜ್‌ಗಳು, ಲಿಬ್ರೆಆಫೀಸ್, ಇಂಟರ್ನೆಟ್ ಆರ್ಕೈವ್‌ನ ಕೆಲವು ಸಂಗ್ರಹಗಳು, ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ನಾನೇ ಸ್ಕ್ಯಾನ್ ಮಾಡಿದ ಪ್ರತಿಗಳು. ಆದರೂ ನನ್ನ ಯಂತ್ರ ಯಾವ ಹೊತ್ತಿನಲ್ಲಿ ಎಚ್ಚರವಿರುತ್ತದೆ, ಮನೆಯಲ್ಲಿ ಯಾವ ವಾರ ಯಾರೂ ಇರುವುದಿಲ್ಲ, ನಾನು ಏನು ಓದುತ್ತೇನೆ ಎಂಬುದನ್ನು ಒಂದೇ ವಿಳಾಸದ ಬೆನ್ನು ಹಿಡಿದವರು ತಿಂಗಳುಗಟ್ಟಲೆ ಗುರುತು ಹಾಕಿಕೊಳ್ಳಬಹುದು. ಮನೆಗೆ ಪರದೆ ಹಾಕುವವರೆಲ್ಲ ಕಳ್ಳರಲ್ಲ.

ಹಾಗಾಗಿ ಒಂದು ವಿಪಿಎನ್ ಚಂದಾ ಕೊಂಡೆ: ನಮ್ಮ ಸಂಚಾರವನ್ನು ಗೂಢಲಿಪಿಯ ಸುರಂಗದಲ್ಲಿ ತನ್ನ ಸರ್ವರ್‌ಗೆ ಒಯ್ದು, ಹೊರಗಿನವರಿಗೆ ತನ್ನ ವಿಳಾಸ ತೋರಿಸುವ ಸೇವೆ. ಸೇವೆಯ ಹೆಸರು ಇಲ್ಲಿ ಬೇಡ. ಈ ಐದು ವರ್ಷಗಳಲ್ಲಿ ಎರಡು ಬದಲಿಸಿದ್ದೇನೆ, ಹೇಳಬೇಕಾದದ್ದು ಎರಡಕ್ಕೂ ಸಲ್ಲುತ್ತದೆ. ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ: ವಿಪಿಎನ್ ಆ್ಯಪ್‌ನಲ್ಲಿ 'ಕಿಲ್ ಸ್ವಿಚ್' (ವಿಪಿಎನ್ ಕಡಿದರೆ ಅಂತರ್ಜಾಲವನ್ನೇ ತಡೆಯುವ ಗುಂಡಿ) ಒತ್ತಿ, ಬ್ರೌಸರ್‌ನಲ್ಲಿ ಐಪಿ ತೋರಿಸುವ ತಾಣ ತೆರೆದು, ಬೇರೆ ದೇಶದ ಹೆಸರು ಕಂಡು ನಿಶ್ಚಿಂತನಾದೆ. ಬ್ರೌಸರ್ ಹೋಗುವ ದಾರಿಯೇ ಟೊರೆಂಟ್ ಹೋಗುವ ದಾರಿ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

ಟೊರೆಂಟ್ ವಿಳಾಸ ಪರೀಕ್ಷೆಗೆಂದೇ ಕೆಲವು ತಾಣಗಳು ಮ್ಯಾಗ್ನೆಟ್ ಲಿಂಕ್ (ಟೊರೆಂಟಿನ ಹ್ಯಾಶ್ ಹೊತ್ತ ಕೊಂಡಿ) ಕೊಡುತ್ತವೆ. ಅದನ್ನು ತಂತ್ರಾಂಶಕ್ಕೆ ಸೇರಿಸಿದರೆ ಕಡತವೇನೂ ಇಳಿಯುವುದಿಲ್ಲ. ತನ್ನನ್ನು ಯಾವ ವಿಳಾಸದಿಂದ ಸಂಪರ್ಕಿಸಿದಿರಿ ಎಂದು ಆ ಟ್ರ್ಯಾಕರ್ ತಿಳಿಸುತ್ತದೆ, ಅಷ್ಟೆ. ಅಂಥದ್ದೊಂದನ್ನು ಪಟ್ಟಿಯಲ್ಲೇ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಮುಚ್ಚಳ ತೆರೆದು ಆ ಪುಟ ನೋಡಿದರೆ ಎರಡು ವಿಳಾಸ. ಒಂದು ವಿಪಿಎನ್‌ನದು. ಇನ್ನೊಂದು ನನ್ನ ಮನೆಯದು.

ಆದದ್ದು ಇಷ್ಟು. ಯಂತ್ರ ನಿದ್ದೆಯಿಂದ ಎದ್ದಾಗ ವೈಫೈ ಮೊದಲು ಬಂತು. ಕ್ಯೂಬಿಟ್‌ಟೊರೆಂಟ್ ಎಂದಿನ ಉತ್ಸಾಹದಲ್ಲಿ ಎಲ್ಲ ಟ್ರ್ಯಾಕರ್‌ಗಳಿಗೂ 'ಬಂದೆ' ಎಂದು ಕೂಗಿತು. ವಿಪಿಎನ್ ಆ್ಯಪ್ ಕಣ್ಣುಜ್ಜಿಕೊಂಡು ಎದ್ದು ಸುರಂಗ ಕಟ್ಟುವ ಹೊತ್ತಿಗೆ ಕೆಲವು ಸೆಕೆಂಡು ಕಳೆದಿದ್ದವು. ಆ ಆ್ಯಪ್‌ನ ಕಿಲ್ ಸ್ವಿಚ್ ಸಂಪರ್ಕ ಕಡಿದದ್ದನ್ನು ಗಮನಿಸಿ ಆಮೇಲೆ ಬಾಗಿಲು ಹಾಕುವ ಜಾತಿಯದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬುದು ಇದಕ್ಕೆಂದೇ ಹುಟ್ಟಿದ ಗಾದೆ. ಇಲ್ಲಿ ಕೆಲವು ಸೆಕೆಂಡು ಎಂದರೆ ಸಣ್ಣದಲ್ಲ. ಒಮ್ಮೆ ಹೇಳಿದ ವಿಳಾಸವನ್ನು ಟ್ರ್ಯಾಕರ್ ಒಂದಷ್ಟು ಹೊತ್ತು ನೆನಪಿಟ್ಟುಕೊಂಡು ಕೇಳಿದವರಿಗೆಲ್ಲ ಕೊಡುತ್ತದೆ. ಪಡೆದ ಪೀರ್‌ಗಳು ಪೆಕ್ಸ್ (ಪೀರ್‌ಗಳು ತಮ್ಮ ಪಟ್ಟಿಗಳನ್ನು ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆ) ಮೂಲಕ ಮತ್ತೊಬ್ಬರಿಗೆ ದಾಟಿಸುತ್ತವೆ.

ಇದಕ್ಕೆ ಮದ್ದು ವಿಪಿಎನ್ ಕಂಪನಿಯ ಬಳಿ ಇರಲಿಲ್ಲ, ಹಣ ಕೇಳದ ಕ್ಯೂಬಿಟ್‌ಟೊರೆಂಟ್‌ನ ಬಳಿ ಇತ್ತು. ಆಯ್ಕೆಗಳಲ್ಲಿ 'ಅಡ್ವಾನ್ಸ್ಡ್' ಪುಟ ತೆರೆದರೆ 'ನೆಟ್‌ವರ್ಕ್ ಇಂಟರ್‌ಫೇಸ್' ಎಂಬ ಸಾಲು ಸಿಗುತ್ತದೆ. ಮೊದಲಿಗೆ ಅಲ್ಲಿ 'ಎನಿ' ಎಂದಿರುತ್ತದೆ, ಅಂದರೆ ಸಿಕ್ಕಿದ ದಾರಿ. ಅದನ್ನು ವಿಪಿಎನ್‌ನ ಇಂಟರ್‌ಫೇಸ್‌ಗೆ ಬದಲಿಸಿದರೆ ಟೊರೆಂಟ್ ಸಂಚಾರ ಆ ಒಂದೇ ದಾರಿಗೆ ಕಟ್ಟಿಬೀಳುತ್ತದೆ. ಸುರಂಗ ಇಲ್ಲದಿದ್ದರೆ ಬೇರೆ ದಾರಿ ಹುಡುಕುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ನಾನು ಪರೀಕ್ಷಿಸಿದ್ದು ಒರಟಾಗಿ: ಭರ್ತಿ ವೇಗದಲ್ಲಿ ಇಳಿಯುತ್ತಿರುವಾಗಲೇ ವಿಪಿಎನ್ ಆ್ಯಪ್ ಅನ್ನು ಟಾಸ್ಕ್ ಮ್ಯಾನೇಜರ್‌ನಿಂದ ಕೊಂದೆ. ವೇಗ ಸೊನ್ನೆಗೆ ಬಿತ್ತು, ಪರೀಕ್ಷಾ ಪುಟದಲ್ಲಿ ಹೊಸ ವಿಳಾಸ ಬರಲಿಲ್ಲ. ನಿದ್ದೆಯಿಂದ ಎಬ್ಬಿಸಿದೆ, ವೈಫೈ ಬದಲಿಸಿದೆ, ಕೇಬಲ್ ಕಿತ್ತೆ. ಅಂದಿನಿಂದ ಇಂದಿನವರೆಗೆ ಮನೆಯ ವಿಳಾಸ ಆ ಪುಟದಲ್ಲಿ ಮತ್ತೆ ಕಂಡಿಲ್ಲ. ಇಷ್ಟು ಮುಖ್ಯವಾದ ಸಾಲನ್ನು ಇಷ್ಟು ಹಿಂದಿನ ಪುಟದಲ್ಲಿ ಯಾಕೆ ಅಡಗಿಸಿಟ್ಟಿದ್ದಾರೋ, ತಿಳಿಯೆ.

ಒಂದು ಎಚ್ಚರಿಕೆ. ಈ ಕಟ್ಟು ಟೊರೆಂಟ್ ಸಂಚಾರಕ್ಕೆ ಮಾತ್ರ. ಟ್ರ್ಯಾಕರ್‌ನ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೆಲಸ ಆಪರೇಟಿಂಗ್ ಸಿಸ್ಟಂನ ಕೈಯಲ್ಲಿದೆ. ಸುರಂಗ ಬಿದ್ದಾಗ ಆ ಹೆಸರುಗಳು ಅಂತರ್ಜಾಲ ಸೇವಾದಾರರ ಸರ್ವರ್‌ಗೆ ಹೋಗಬಹುದು. ಆದ್ದರಿಂದ ಕಿಲ್ ಸ್ವಿಚ್ ಅನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ.

ಎರಡನೆಯ ಸೋರಿಕೆ ಇನ್ನೂ ಮೌನದ್ದು. ನನ್ನ ಮೊದಲ ವಿಪಿಎನ್ ಸುರಂಗದೊಳಗೆ ಐಪಿ ವಿಳಾಸದ ಹಳೆಯ ಮಾದರಿಯಾದ ಐಪಿವಿ4 ಮಾತ್ರ ಒಯ್ಯುತ್ತಿತ್ತು. ಅಂತರ್ಜಾಲ ಸೇವಾದಾರರು ಒಂದು ದಿನ ಹೇಳದೆ ಕೇಳದೆ ಹೊಸ ಮಾದರಿಯಾದ ಐಪಿವಿ6 ಕೊಡತೊಡಗಿದರು. ಆ ಸಂಚಾರ ಸುರಂಗದ ಪಕ್ಕದ ಬಯಲಿನಲ್ಲಿ ರಾಜಾರೋಷವಾಗಿ ಹೊರಟಿತು. ಐಪಿವಿ4ರಲ್ಲಿ ಎಷ್ಟೋ ಕಡೆ ನೂರಾರು ಗ್ರಾಹಕರು ಒಂದೇ ವಿಳಾಸದ ಹಿಂದೆ ಇರುತ್ತಾರೆ. ಐಪಿವಿ6ರ 128 ಬಿಟ್‌ಗಳಲ್ಲಿ ಅಂಥ ಹಂಚಿಕೆಯ ಅಗತ್ಯವೇ ಇಲ್ಲ, ಬೆರಳು ನೇರ ಮನೆಯತ್ತ ತೋರುತ್ತದೆ. ನನ್ನ ಬೇರೊಂದು ಯಂತ್ರದಲ್ಲಿ, ಇಂಟರ್‌ಫೇಸ್ ಕಟ್ಟಲು ಮರೆತಿದ್ದೆಡೆ, ಇದನ್ನು ಕಂಡೆ. ಕಟ್ಟಿದ ಮೇಲೆ ಅದೂ ನಿಂತಿತು.

ಇನ್ನು ಹೆಸರಿನಿಂದ ಮೋಸಗೊಳಿಸುವ ಎರಡು ಸೌಲಭ್ಯಗಳು. 'ಅನಾನಿಮಸ್ ಮೋಡ್' ಒತ್ತಿದರೆ ನೀವು ಅನಾಮಿಕರಾಗುವುದಿಲ್ಲ. ಅದು ತಂತ್ರಾಂಶದ ಹೆಸರು, ಆವೃತ್ತಿಯಂಥ ಗುರುತುಗಳನ್ನು ಮರೆಮಾಡುತ್ತದೆ. ಐಪಿ ವಿಳಾಸ ಹಾಗೆಯೇ ಇರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ. 'ಎನ್‌ಕ್ರಿಪ್ಷನ್' ಕೂಡ ಅಷ್ಟೆ: ಸೇವಾದಾರರು ಟೊರೆಂಟ್ ಸಂಚಾರವನ್ನು ಗುರುತಿಸಿ ನಿಧಾನಗೊಳಿಸದಿರಲಿ ಎಂದು ಹುಟ್ಟಿದ್ದು ಅದು. ಸಂಪರ್ಕದ ಆಚೆ ತುದಿಯಲ್ಲಿರುವ ಅಪರಿಚಿತನಿಗೆ ನೀವು ಯಾರೆಂದು ಅದರಿಂದ ಮರೆಯಾಗುವುದಿಲ್ಲ. ಎರಡನ್ನೂ ಒತ್ತಿಡಿ, ಆದರೆ ನೆಚ್ಚಿಕೊಳ್ಳಬೇಡಿ.

ಟಾರ್ (ಸಂಚಾರವನ್ನು ಹಲವು ಸರ್ವರ್‌ಗಳ ಮೂಲಕ ಸುತ್ತಿಸಿ ಗುರುತು ಮರೆಸುವ ಜಾಲ) ಮೇಲೆ ಟೊರೆಂಟ್ ನಡೆಸುವ ಸಲಹೆ ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಟಾರ್ ಪ್ರಾಜೆಕ್ಟ್‌ನವರೇ 2010ರಲ್ಲಿ ಬೇಡವೆಂದು ಕಾರಣ ಸಹಿತ ಬರೆದಿದ್ದಾರೆ. ಯುಡಿಪಿ ಎಂಬ ಸಾಗಣೆ ವಿಧಾನವನ್ನು ಟಾರ್ ಒಯ್ಯುವುದಿಲ್ಲ, ಡಿಎಚ್‌ಟಿ ನಡೆಯುವುದೇ ಯುಡಿಪಿ ಮೇಲೆ. ಕೆಲವು ಟೊರೆಂಟ್ ತಂತ್ರಾಂಶಗಳು ನಿಜವಾದ ವಿಳಾಸವನ್ನು ಟ್ರ್ಯಾಕರ್‌ಗೆ ಕಳಿಸುವ ಸಂದೇಶದ ಒಳಗೇ ಬರೆದುಬಿಡುತ್ತವೆ. ಸ್ವಯಂಸೇವಕರ ಜಾಲದ ಮೇಲೆ ಬೀಳುವ ಭಾರ ಬೇರೆ. ಇನ್ನು ಐಟುಪಿ ಎಂಬ ಮತ್ತೊಂದು ಅನಾಮಿಕ ಜಾಲ: ಕ್ಯೂಬಿಟ್‌ಟೊರೆಂಟ್ 4.6ರಿಂದ ಪ್ರಾಯೋಗಿಕವಾಗಿ ಅದಕ್ಕೆ ಬೆಂಬಲವಿದೆ. ಒಂದು ಚಳಿಗಾಲ ಅದನ್ನು ಹಚ್ಚಿ ನೋಡಿದೆ. ವಿನ್ಯಾಸದಲ್ಲಿ ಇದೇ ಸರಿಯಾದ ಉತ್ತರ, ಅಲ್ಲಿ ಪೀರ್‌ಗೆ ಐಪಿ ವಿಳಾಸವೇ ಕಾಣುವುದಿಲ್ಲ. ಆದರೆ ವೇಗ ಬಸವನಹುಳುವಿನದು, ನನಗೆ ಬೇಕಾದ ಕಡತಗಳು ಅಲ್ಲಿರಲಿಲ್ಲ. ಜೊತೆಗಿರುವ 'ಮಿಕ್ಸ್ಡ್ ಮೋಡ್' ಒತ್ತಿದರೆ ಸಾಮಾನ್ಯ ಪೀರ್‌ಗಳೂ ಸೇರಿಕೊಂಡು ಪಟ್ಟ ಶ್ರಮವೆಲ್ಲ ನೀರುಪಾಲು.

ವಿಪಿಎನ್ ಮೇಲೆ ನನ್ನ ದೊಡ್ಡ ತಕರಾರು ವೇಗವಲ್ಲ. ವೈರ್‌ಗಾರ್ಡ್ ಎಂಬ ವೇಗದ ಸುರಂಗ ವಿಧಾನ ಬಳಸತೊಡಗಿದ ಮೇಲೆ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ತಕರಾರು ಪೋರ್ಟ್ ಫಾರ್ವರ್ಡಿಂಗ್‌ನದು, ಅಂದರೆ ಹೊರಗಿನಿಂದ ಬರುವ ಸಂಪರ್ಕಕ್ಕೆ ವಿಪಿಎನ್ ಸರ್ವರ್‌ನಲ್ಲಿ ಸಂಖ್ಯೆಯಿರುವ ಒಂದು ಬಾಗಿಲು (ಪೋರ್ಟ್) ತೆರೆದಿಡುವುದು. ಅದಿಲ್ಲದಿದ್ದರೆ ನೀವು ಹೊರಗಿನವರ ಕದ ತಟ್ಟಬಹುದು, ನಿಮ್ಮ ಕದ ಯಾರೂ ತಟ್ಟಲಾರರು. ಜನಪ್ರಿಯ ಕಡತ ಇಳಿಸುವವರಿಗೆ ಇದು ತಿಳಿಯುವುದೇ ಇಲ್ಲ. ಆದರೆ ನನ್ನ ಸ್ಕ್ಯಾನ್ ಪ್ರತಿಗಳಿಗೆ ನಾನೊಬ್ಬನೇ ಸೀಡರ್, ಪೂರ್ತಿ ಕಡತ ಇಟ್ಟುಕೊಂಡು ಹಂಚುವವನು. ಬೇಕಾದವನ ಕದವೂ ಮುಚ್ಚಿದ್ದು ನನ್ನದೂ ಮುಚ್ಚಿದ್ದರೆ ನಾವಿಬ್ಬರೂ ಸೇರುವುದೇ ಕಷ್ಟ. 2023ರಲ್ಲಿ ಹೆಸರಾಂತ ಕೆಲವು ವಿಪಿಎನ್‌ಗಳು ದುರ್ಬಳಕೆಯ ಕಾರಣ ಕೊಟ್ಟು ಈ ಸೌಲಭ್ಯ ನಿಲ್ಲಿಸಿದವು. ಅವರ ಕಷ್ಟ ಅರ್ಥವಾಗುತ್ತದೆ; ನನ್ನ ಟೊರೆಂಟ್‌ಗಳು ಸೊರಗಿದ್ದೂ ನಿಜ. ಈಗಿನ ಸೇವೆಯಲ್ಲಿ ಪೋರ್ಟ್ ಇದೆ, ಆದರೆ ಪ್ರತಿ ಬಾರಿ ಸಂಪರ್ಕಿಸಿದಾಗಲೂ ಹೊಸ ಸಂಖ್ಯೆ. ಅದನ್ನು ನೋಡಿ, ನೆನಪಿಟ್ಟು, ಕ್ಯೂಬಿಟ್‌ಟೊರೆಂಟ್‌ನಲ್ಲಿ ಬರೆಯುವ ಕೆಲಸ ನನ್ನದು. ಸಹಾಯವಾಣಿಗೆ ಮೂರು ಬಾರಿ ಬರೆದೆ. ಮೂರು ಬಾರಿಯೂ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ ಎಂಬ ಒಂದೇ ಉತ್ತರ ಬಂತು.

ಮತ್ತೊಂದು ಮಾತು ಜಾಹೀರಾತುಗಳಲ್ಲಿ ಇರುವುದಿಲ್ಲ: ಸೇವಾದಾರರಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. 'ದಾಖಲೆ ಇಡುವುದಿಲ್ಲ' ಎಂಬ ಅವರ ಮಾತನ್ನು ನಾನು ಕುಳಿತಲ್ಲಿಂದ ಪರೀಕ್ಷಿಸಲಾರೆ. ಹೊರಗಿನವರಿಂದ ಲೆಕ್ಕಪರಿಶೋಧನೆ ಮಾಡಿಸಿ ವರದಿ ಪ್ರಕಟಿಸುವವರನ್ನು ಆರಿಸಿಕೊಂಡೆ, ಅಷ್ಟೇ ನನ್ನಿಂದಾದದ್ದು.

ಐದು ವರ್ಷಗಳಲ್ಲಿ ಅತ್ಯಂತ ನಾಚಿಕೆಯ ಸೋರಿಕೆಗೆ ಮಾತ್ರ ಯಾವ ತಂತ್ರಾಂಶವೂ ಕಾರಣವಲ್ಲ. ಸ್ಕ್ಯಾನ್ ಮಾಡಿದ ಪುಸ್ತಕವೊಂದನ್ನು ಟೊರೆಂಟ್ ಮಾಡಿ ಹಂಚಿದೆ. ಇಂಟರ್‌ಫೇಸ್ ಕಟ್ಟಿತ್ತು, ಸುರಂಗ ಗಟ್ಟಿಯಾಗಿತ್ತು. ಒಂದು ವಾರದ ಮೇಲೆ ಆ ಪಿಡಿಎಫ್‌ನ ವಿವರ ತೆರೆದು ನೋಡಿದರೆ 'ಲೇಖಕ' ಎಂಬಲ್ಲಿ ನನ್ನ ಪೂರ್ಣ ಹೆಸರು. ಸ್ಕ್ಯಾನರ್ ತಂತ್ರಾಂಶ ಕಂಪ್ಯೂಟರಿನ ಬಳಕೆದಾರನ ಹೆಸರನ್ನು ತಾನಾಗಿಯೇ ಬರೆದಿತ್ತು. ಜೊತೆಗಿದ್ದ ಮುಖಪುಟದ ಚಿತ್ರ ಮೊಬೈಲಿನದು, ಅದರಲ್ಲಿ ಜಿಪಿಎಸ್ ಗುರುತು. ಎಲ್ಲೋ ದೂರದೇಶದ ಸರ್ವರ್ ಮೂಲಕ, ಗೂಢಲಿಪಿಯಲ್ಲಿ, ನನ್ನ ಮನೆಯ ಅಕ್ಷಾಂಶ ರೇಖಾಂಶವನ್ನು ಭದ್ರವಾಗಿ ಹಂಚುತ್ತಿದ್ದೆ! ಹಿಂತೆಗೆದುಕೊಳ್ಳಲು ದಾರಿಯಿಲ್ಲ. ಹ್ಯಾಶ್ ಹುಟ್ಟುವುದು ಕಡತದ ಒಳಗಿನ ಬೈಟ್‌ಗಳಿಂದಲೇ. ಕಡತ ತಿದ್ದಿದರೆ ಅದು ಬೇರೆಯೇ ಟೊರೆಂಟ್, ಹಳೆಯದು ಪಡೆದವರ ಬಳಿ ಬದುಕಿಯೇ ಇರುತ್ತದೆ. ಈಗ ಕಡತದೊಳಗಿನ ವಿವರ ಅಳಿಸುವ ಎಕ್ಸಿಫ್‌ಟೂಲ್‌ನಿಂದ ತೊಳೆದು, ಪಿಡಿಎಫ್ ಆದರೆ ಅದನ್ನು ಹೊಸದಾಗಿ ಬರೆಸಿಯೇ ಟೊರೆಂಟ್ ಕಟ್ಟುತ್ತೇನೆ; ಇಲ್ಲದಿದ್ದರೆ ಆ ಉಪಕರಣ ಪಿಡಿಎಫ್‌ನಲ್ಲಿ ಅಳಿಸಿದ್ದನ್ನು ಮರಳಿ ಪಡೆಯಬಹುದು. ಒಬ್ಬರಿಗೆ ಮಾತ್ರ ಕೊಡಬೇಕಾದ ಖಾಸಗಿ ಕಡತವಾದರೆ ಟೊರೆಂಟ್ ಗೊಡವೆಯೇ ಇಲ್ಲ, ಟಾರ್ ಮೂಲಕ ನೇರವಾಗಿ ಕಡತ ಕೊಡುವ ಆನಿಯನ್‌ಶೇರ್ ಬಳಸುತ್ತೇನೆ.

ಕ್ಯೂಬಿಟ್‌ಟೊರೆಂಟ್‌ನಲ್ಲಿ ಹುಳುಕಿಲ್ಲ ಎಂದಲ್ಲ. ಜಾಲದಿಂದ ಆರ್‌ಎಸ್‌ಎಸ್ ಫೀಡ್ (ತಾಣಗಳ ಹೊಸ ಸೇರ್ಪಡೆಗಳ ಪಟ್ಟಿ) ಮೊದಲಾದವನ್ನು ತರುವ ಅದರ ಭಾಗ, ಸರ್ವರ್‌ಗಳು ಅಸಲಿಯೆಂದು ಸಾರುವ ಪ್ರಮಾಣಪತ್ರದ ದೋಷಗಳನ್ನು 2010ರಿಂದ ಕಡೆಗಣಿಸುತ್ತಿತ್ತು. ಸರಿಯಾದದ್ದು 2024ರ ಅಕ್ಟೋಬರಿನಲ್ಲಿ, 5.0.1 ಆವೃತ್ತಿಯಲ್ಲಿ. ಮುಕ್ತ ತಂತ್ರಾಂಶವನ್ನು ಎಲ್ಲರೂ ಓದಬಹುದು ಎಂಬುದು ನಿಜ, ಎಲ್ಲರೂ ಓದುತ್ತಾರೆ ಎಂಬುದು ಬೇರೆ ಮಾತು. ಬ್ರೌಸರ್‌ನಿಂದ ನಿಯಂತ್ರಿಸುವ ವೆಬ್ ಪುಟಕ್ಕೂ 2023ರ ಕೊನೆಯವರೆಗೆ ಎಲ್ಲರಿಗೂ ತಿಳಿದ 'ಅಡ್ಮಿನ್‌ಅಡ್ಮಿನ್' ಎಂಬ ಗುಪ್ತಪದವೇ ಪೂರ್ವನಿಯೋಜಿತವಾಗಿತ್ತು. ಹಳೆಯ ಆವೃತ್ತಿ ಇಟ್ಟುಕೊಂಡವರು ಇವತ್ತೇ ನವೀಕರಿಸಿ, ಆ ಪುಟವನ್ನು ರೌಟರ್‌ನಿಂದ ಹೊರಗೆ ತೆರೆಯಬೇಡಿ.

ಕ್ಯೂಬಿಟ್‌ಟೊರೆಂಟ್‌ಗೆ ಐದಕ್ಕೆ ನಾಲ್ಕೂವರೆ ನಕ್ಷತ್ರ. ಅರ್ಧ ಕಳೆದದ್ದು ಆ ಇಂಟರ್‌ಫೇಸ್ ಸಾಲನ್ನು ಮೂಲೆಗೆ ತಳ್ಳಿದ್ದಕ್ಕೆ. ವಿಪಿಎನ್‌ಗೆ ಮೂರು. ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಪೋರ್ಟ್ ಸಂಖ್ಯೆ ಸ್ಥಿರವಾದರೆ ಮುಂದುವರಿಸುತ್ತೇನೆ. ನಾಲ್ಕನೆಯ ಪತ್ರ ಬರೆದಿದ್ದೇನೆ, ಆ್ಯಪ್ ಈಗಾಗಲೇ ಅಳಿಸಿ ಮತ್ತೆ ಹಾಕಿಕೊಂಡಿದ್ದೇನೆ ಎಂದು ಮೊದಲ ಸಾಲಿನಲ್ಲೇ ತಿಳಿಸಿದ್ದೇನೆ.