ಕೋಡಿಂಗ್‌ಬ್ಯಾಟ್: ಹದಿನಾಲ್ಕು ತಿಂಗಳು ಲೂಪ್ ಬರೆದ ಮೇಲೆ

ಬಿಕಾಂ ಓದಿ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು ನಾನು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯೋಣ ಅಂತ ಮೊದಲು ದುಡ್ಡು ಕಟ್ಟಿ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದ್ದೆ. ಲೂಪ್ (ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮತ್ತೆ ಮತ್ತೆ ಮಾಡಿಸುವ ಕೋಡ್) ಪಾಠ ಎರಡೇ ದಿನಕ್ಕೆ ಮುಗಿದುಹೋಯಿತು. ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತಿತ್ತು, ನಾನೇ ಬರೆಯಲು ಕೂತರೆ ಒಂದು ಸಾಲೂ ಬರುತ್ತಿರಲಿಲ್ಲ. ಆಮೇಲೆ ಸಿಕ್ಕಿದ್ದು ಕೋಡಿಂಗ್‌ಬ್ಯಾಟ್.

ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವ ನಿಕ್ ಪಾರ್ಲಾಂಟೆ ಮಾಡಿದ ಉಚಿತ ಸೈಟ್ ಇದು. ಲೆಕ್ಕ ಕೊಡುತ್ತದೆ, ನಾವು ಬರೆದ ಕೋಡನ್ನು ತನ್ನದೇ ಟೆಸ್ಟ್‌ಗಳ ಮೇಲೆ ಓಡಿಸಿ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಲಾಗಿನ್ ಆಗದೆಯೂ ಶುರು ಮಾಡಬಹುದು. ಪೈಥಾನ್ ವಿಭಾಗದಲ್ಲಿ ಲೂಪಿಗೆಂದೇ ಇರುವ ಲೆಕ್ಕಗಳು ವಾರ್ಮಪ್-2ರಲ್ಲಿ 9, ಸ್ಟ್ರಿಂಗ್-2ರಲ್ಲಿ 6, ಲಿಸ್ಟ್-2ರಲ್ಲಿ 6. ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು, ಲಿಸ್ಟ್ ಅಂದರೆ ಸಂಖ್ಯೆಗಳಂಥವುಗಳ ಪಟ್ಟಿ. ವಾರ್ಮಪ್‌ಗೆ ಉತ್ತರ ಅಲ್ಲೇ ಸಿಗುತ್ತದೆ. ಇಪ್ಪತ್ತೊಂದೇನಾ ಅನ್ನಿಸಬಹುದು. ನನಗೆ ಅಷ್ಟನ್ನೂ ಮುಗಿಸಲು ಐದು ತಿಂಗಳು ಬೇಕಾಯಿತು, ಈಗ ಎರಡನೇ ಸುತ್ತು.

ನನ್ನನ್ನು ಹಿಡಿದು ಕೂರಿಸಿದ್ದು 'ಹ್ಯಾಸ್22' ಅನ್ನುವ ಲೆಕ್ಕ. ಲಿಸ್ಟಿನಲ್ಲಿ ಎರಡು 2 ಅಕ್ಕಪಕ್ಕ ಇದ್ದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್. ಈ ಸಂಖ್ಯೆಯೂ ಮುಂದಿನದೂ 2 ಆಗಿದೆಯಾ ಅಂತ ನೋಡುತ್ತ ಲಿಸ್ಟಿನ ಕೊನೆಯವರೆಗೆ ಲೂಪ್ ಓಡಿಸಿದೆ. [1, 2, 2]ಕ್ಕೆ ಹಸಿರು. [1, 2, 1, 2]ಕ್ಕೆ ಕೆಂಪು, ಇಂಡೆಕ್ಸ್ (ಸ್ಥಾನದ ಸಂಖ್ಯೆ) ಲಿಸ್ಟಿನಿಂದ ಆಚೆ ಹೋಗಿದೆ ಅನ್ನುವ ಎರರ್. ಕೊನೆಯ ಸಂಖ್ಯೆಗೆ 'ಮುಂದಿನದು' ಎಲ್ಲಿರುತ್ತದೆ? ಒಂದು ಸುತ್ತು ಮೊದಲೇ ನಿಲ್ಲಿಸಬೇಕಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. ನಾನೇ ಬೇರೆ ಕಡೆ [1, 2, 1, 3] ಕೊಟ್ಟು ನೋಡಿದರೆ ಅದೇ ತಪ್ಪು ಕೋಡ್ ಯಾವ ತಕರಾರೂ ಇಲ್ಲದೆ ಫಾಲ್ಸ್ ಕೊಟ್ಟಿತು! ಕೊನೆಯ ಸಂಖ್ಯೆ 2 ಅಲ್ಲದಿದ್ದರೆ 'ಈ ಸಂಖ್ಯೆ 2', 'ಮುಂದಿನದು 2' ಎರಡನ್ನೂ ಸೇರಿಸುವ 'ಆ್ಯಂಡ್'ನ ಎಡಗಡೆಯೇ ಸುಳ್ಳಾಗುತ್ತದೆ, ಪೈಥಾನ್ ಬಲಗಡೆ ನೋಡುವುದೇ ಇಲ್ಲ. ತಪ್ಪು ಒಳಗೇ ಅಡಗಿ ಕೂತಿರುತ್ತದೆ. ಈ ಸೈಟಿನ ನಿಜವಾದ ಬೆಲೆ ಇರುವುದು ಆ ಟೆಸ್ಟ್‌ಗಳನ್ನು ಆರಿಸಿರುವ ರೀತಿಯಲ್ಲಿ.

ಕೊರತೆಗಳೂ ಇವೆ. ಎಲ್ಲವೂ ಇಂಗ್ಲಿಷಿನಲ್ಲಿದೆ. ಡಿಕ್ಷನರಿ (ಹೆಸರು-ಬೆಲೆ ಜೋಡಿಗಳಾಗಿ ಮಾಹಿತಿ ಇಡುವ ರೀತಿ) ಮೇಲಿನ ಅಭ್ಯಾಸ ಪೈಥಾನ್ ವಿಭಾಗದಲ್ಲಿ ಇಲ್ಲ. ಲೂಪಿನ ಪ್ರತಿ ಸುತ್ತಿನಲ್ಲಿ ವೇರಿಯಬಲ್ (ಬೆಲೆಯೊಂದನ್ನು ಇಟ್ಟುಕೊಳ್ಳುವ ಹೆಸರು) ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಪೈಥಾನ್ ಟ್ಯೂಟರ್ ಅನ್ನುವ ಇನ್ನೊಂದು ಉಚಿತ ಸೈಟಿಗೆ ಕೋಡ್ ಹಾಕಿ ಹೆಜ್ಜೆ ಹೆಜ್ಜೆಯಾಗಿ ಓಡಿಸುತ್ತೇನೆ. 'ಸಮ್67' ಅನ್ನುವ ಲಿಸ್ಟ್ ಲೆಕ್ಕ ನನಗೆ ಬಗೆಹರಿದದ್ದು ಹಾಗೆಯೇ. ಮೊಬೈಲಿನಲ್ಲಿ ಇಂಡೆಂಟ್ (ಸಾಲಿನ ಮೊದಲಲ್ಲಿ ಬಿಡುವ ಜಾಗ) ಸರಿಯಾಗಿ ಕೊಡುವುದು ಕಷ್ಟ, ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು.

ಸ್ಟ್ರಿಂಗ್ ಲೆಕ್ಕಗಳು ಮುಗಿದ ಮೇಲೆ ಕನ್ನಡ ಪದಗಳನ್ನು ತಿರುಗುಮುರುಗು ಮಾಡುವ ಲೂಪ್ ಬರೆದೆ. ಪ್ರತಿ ಸುತ್ತಿಗೂ ಬಂದ ಅಕ್ಷರವನ್ನು ಹೊಸ ಸ್ಟ್ರಿಂಗಿನ ಮುಂದುಗಡೆ ಸೇರಿಸುವುದು, ಅಷ್ಟೆ. 'ಕನ್ನಡ' ಕೊಟ್ಟೆ, 'ಡನ್ನಕ' ಬಂತು. ಖುಷಿಯಾಯಿತು. ಹ್ಯಾಸ್22 ನೆನಪಾಗಿ 'ಮೈಸೂರು' ಕೂಡ ಕೊಟ್ಟೆ. 'ರುಸೂಮೈ' ಬರಬೇಕಿತ್ತು. ಬಂದದ್ದು ಮೊದಲಲ್ಲೇ ಒಂಟಿ ಕೊಂಬು, ಅದರ ಹಿಂದೆ 'ರೂಸೈಮ'. ಪೈಥಾನ್‌ಗೆ ಅದು ಮೂರು ಅಕ್ಷರವಲ್ಲ, ಆರು ತುಂಡು: ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ. 'ಕನ್ನಡ'ದಲ್ಲಿ ಒತ್ತಕ್ಷರ ಮಾಡುವ ಚಿಹ್ನೆಯ ಎರಡೂ ಕಡೆ ನಕಾರವೇ ಇದ್ದುದರಿಂದ ತಪ್ಪು ಕಾಣಲಿಲ್ಲ. ಸ್ವರಚಿಹ್ನೆಯನ್ನು ಅದರ ವ್ಯಂಜನದ ಜೊತೆಗೇ ಹಿಡಿದಿಡುವ ಲೂಪ್ ಈಗ ಬರೆಯುತ್ತಿದ್ದೇನೆ, ಒತ್ತಕ್ಷರದ ಹತ್ತಿರ ಬಂದು ನಿಂತಿದೆ.